ಹಗೇವಿನ ಬಾಯಿ ಮುಚ್ಚಿಡಿ



ನಮ್ಮ ಸೀಮೆಯ ಹಿರಿಯರು ಕಾಳುಕಡಿಯನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದೊಳಗೆ ತೋಡಿದ ಆ ಕಣಜಕ್ಕೆ ಕಾಳು ತುಂಬಿದ ಮೇಲೆ ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ, ನೆಲವನ್ನು ಸಮ ಮಾಡಿಬಿಡುತ್ತಿದ್ದರು. ಬಾಯಿ ಎಲ್ಲಿದೆಯೆಂಬುದು ಮನೆಯವರಿಗೆ ಗೊತ್ತು, ದಾರಿಹೋಕರಿಗೆ ಗೊತ್ತಿಲ್ಲ. ಮಳೆಯನ್ನು ನಂಬಿ ಬದುಕುವ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಕೂಡಿಟ್ಟ ಕಾಳೇ ಬರಗಾಲದ ಅನ್ನ. ಅದಕ್ಕೇ ಅಷ್ಟು ಜೋಪಾನ.

ಇಂದು ನಮ್ಮ ಹಗೇವು ಬೇರೆಯಾಗಿದೆ. ಶೇಂಗಾ ಮಾರಿದ ಹಣ, ಕುರಿ ಮಾರಿದ ಹಣ, ರೇಷ್ಮೆ ಸೀರೆ ನೇಯ್ದ ಕೂಲಿ, ಬೆಳೆ ವಿಮೆ, ಬರ ಪರಿಹಾರ, ಪಿಎಂ ಕಿಸಾನ್ ಕಂತು, ಇವೆಲ್ಲ ಬ್ಯಾಂಕಿನ ಖಾತೆಗೆ ಬಂದು ಬೀಳುತ್ತವೆ. 2000ದ ಸುಮಾರಿನಲ್ಲಿ 'ಭೂಮಿ' ಯೋಜನೆಯಿಂದ ನಮ್ಮ ಪಹಣಿಗಳು ಕಂಪ್ಯೂಟರಿಗೆ ಏರಿದವು. 2016ರಲ್ಲಿ ಯುಪಿಐ ಬಂದ ಮೇಲೆ ಹಣವೂ ಫೋನಿನಲ್ಲೇ ಓಡಾಡತೊಡಗಿತು. ಇದರಿಂದ ಆದ ಅನುಕೂಲ ಅಷ್ಟಿಷ್ಟಲ್ಲ. ಬ್ಯಾಂಕಿನ ಮುಂದೆ ದಿನವಿಡೀ ಕಾಯುವುದು ತಪ್ಪಿತು, ಮಧ್ಯವರ್ತಿಯ ಕಾಟ ಕಡಿಮೆಯಾಯಿತು. ಆದರೆ ಒಂದು ಮಾತನ್ನು ಮರೆಯಲಾಗದು. ಈ ಹೊಸ ಹಗೇವಿನ ಬಾಯಿ ನಿಮ್ಮ ಅಂಗಿಯ ಜೇಬಿನಲ್ಲಿದೆ. ಅದನ್ನು ಮುಚ್ಚಿಡುವ ಕ್ರಮವನ್ನು ಈ ಲೇಖನದಲ್ಲಿ ತಿಳಿಯೋಣ.

ಕಳ್ಳ ಬರುವ ದಾರಿ

ಬ್ಯಾಂಕಿನ ತಿಜೋರಿ ಒಡೆಯುವುದು ಸುಲಭವಲ್ಲ. ಆದಕಾರಣ ಈ ಕಾಲದ ಕಳ್ಳನು ಬೀಗ ಒಡೆಯಲು ಹೋಗುವುದಿಲ್ಲ. ಬೀಗದ ಕೈಯನ್ನು ನಿಮ್ಮಿಂದಲೇ ಕೇಳಿ ಪಡೆಯುತ್ತಾನೆ. ಆಸೆ ತೋರಿಸುತ್ತಾನೆ, ಇಲ್ಲವೇ ಹೆದರಿಸುತ್ತಾನೆ. ಎರಡರಲ್ಲೂ ಅವಸರ ಮಾಡುತ್ತಾನೆ. "ಇವತ್ತೇ ಕೊನೆಯ ದಿನ", "ಹತ್ತು ನಿಮಿಷದಲ್ಲಿ ಖಾತೆ ನಿಂತುಹೋಗುತ್ತದೆ" ಎನ್ನುತ್ತಾನೆ. ಯೋಚಿಸಲು ಬಿಡುವು ಸಿಕ್ಕರೆ ನೀವು ಮೋಸಹೋಗುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತು.

ಬೀಗದ ಕೈಗಳು ಯಾವುವು? ಮುಖ್ಯವಾದವು ಮೂರು.

ಒಂದನೆಯದು ಪಿನ್. ಇದನ್ನು ಹೊಡೆಯುವುದು ನಿಮ್ಮ ಖಾತೆಯಿಂದ ಹಣ ಹೊರಗೆ ಹೋಗಲಿಕ್ಕೆ. ಹಣ ಬರಲಿಕ್ಕೆ ಪಿನ್ ಬೇಕಾಗುವುದೇ ಇಲ್ಲ. "ನಿಮ್ಮ ಎತ್ತು ಕೊಳ್ಳುತ್ತೇನೆ, ಮುಂಗಡ ಕಳಿಸುತ್ತೇನೆ, ಈ ಚೌಕದ ಗುರುತನ್ನು ಸ್ಕ್ಯಾನ್ ಮಾಡಿ ಪಿನ್ ಹೊಡೆಯಿರಿ" ಎಂದು ಯಾರಾದರೂ ಅಂದರೆ, ಅವನು ಕೊಡುವವನಲ್ಲ, ಕೊಂಡೊಯ್ಯುವವನು ಎಂದು ತಿಳಿಯಿರಿ.

ಎರಡನೆಯದು ಒಟಿಪಿ, ಅಂದರೆ ಒಂದೇ ಸಲಕ್ಕೆ ಬಳಕೆಯಾಗುವ ಗುಟ್ಟಿನ ಅಂಕಿ. ಇದು ಬಂದಿತೆಂದರೆ ನಿಮ್ಮ ಹೆಸರಿನಲ್ಲಿ ಯಾರೋ ಒಂದು ಬಾಗಿಲು ತಟ್ಟುತ್ತಿದ್ದಾರೆ ಎಂದರ್ಥ. ತಟ್ಟಿದವರು ನೀವಲ್ಲದಿದ್ದರೆ ಆ ಅಂಕಿಯನ್ನು ಯಾರಿಗೂ ಹೇಳಕೂಡದು. ಬ್ಯಾಂಕಿನವರು ಫೋನು ಮಾಡಿ ಒಟಿಪಿ ಕೇಳುವ ಪದ್ಧತಿ ಇಲ್ಲ.

ಮೂರನೆಯದು ನಿಮ್ಮ ಹೆಬ್ಬೆಟ್ಟು. ಇದರ ಸಂಗತಿಯನ್ನು ಮುಂದೆ ಬೇರೆಯಾಗಿ ಹೇಳುತ್ತೇನೆ.

ಕಾಗದ ಯಾರಿಂದ ಬಂತು?

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರು ಕಡೆಗಳಲ್ಲಿ ಅಶೋಕ ಚಕ್ರವರ್ತಿಯ ಬಂಡೆ ಶಾಸನಗಳಿರುವುದು ನಿಮಗೆ ತಿಳಿದೇ ಇದೆ. ಇವನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ಈಗ್ಗೆ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಕೊರೆದ ಆ ಬರಹದ ಮೊದಲಲ್ಲೇ ಒಂದು ವಿಶೇಷವಿದೆ. ಅಪ್ಪಣೆ ಸುವರ್ಣಗಿರಿಯಿಂದ ಹೊರಟದ್ದು, ಅಲ್ಲಿನ ರಾಜಕುಮಾರನೂ ಮಹಾಮಾತ್ರರೂ ಕಳಿಸಿದ್ದು, ಇಸಿಲ ಎಂಬ ಊರಿನ ಮಹಾಮಾತ್ರರಿಗೆ ತಲುಪಬೇಕಾದದ್ದು ಎಂದು ಅಲ್ಲಿ ಹೇಳಿದೆ. ಅವರ ಆರೋಗ್ಯ ವಿಚಾರಿಸಿದ ಮೇಲೆ ಅರಸನ ಮಾತು ಬರುತ್ತದೆ. ಕೊನೆಯಲ್ಲಿ ಬರೆದ ಲಿಪಿಕಾರ ಚಪಡನ ಹೆಸರೂ ಇದೆ. ಯಾರಿಂದ, ಯಾರ ಮೂಲಕ, ಯಾರಿಗೆ, ಬರೆದವರಾರು? ಈ ನಾಲ್ಕಕ್ಕೂ ಬಂಡೆಯ ಮೇಲೆ ಉತ್ತರವಿದೆ.

ನಿಮ್ಮ ಫೋನಿಗೆ ಬರುವ ಸಂದೇಶಕ್ಕೂ ಈ ನಾಲ್ಕು ಪ್ರಶ್ನೆಗಳನ್ನು ಹಾಕಿ ನೋಡಿ. ಬಹಳಷ್ಟು ಕಳ್ಳ ಸಂದೇಶಗಳು ಮೊದಲನೆಯ ಪ್ರಶ್ನೆಗೇ ಬಿದ್ದುಹೋಗುತ್ತವೆ.

ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದಲೇ. ಒಂದು ರಾತ್ರಿ ಪರಿಚಯದ ರೈತರೊಬ್ಬರ ನಂಬರಿನಿಂದ ನನಗೆ ಸಂದೇಶ ಬಂತು: ಪಿಎಂ ಕಿಸಾನ್ ಕಂತು ನಿಂತಿದೆ, ಕೆಳಗಿನದನ್ನು ಒತ್ತಿ ಆಧಾರ್ ಸರಿಪಡಿಸಿಕೊಳ್ಳಿ. ರೈತರಿಗೆ ಬೇಗ ತಿಳಿಯಲೆಂದು ಅದನ್ನು ತೆರೆದೂ ನೋಡದೆ ಹಳ್ಳಿಯ ವಾಟ್ಸಾಪ್ ಗುಂಪುಗಳಿಗೆ ಕಳಿಸಿ ಮಲಗಿದೆ. ಬೆಳಿಗ್ಗೆ ಒಂದು ಊರಿನ ಕಣದಲ್ಲಿ ಹಿರಿಯ ತಾಯಿಯೊಬ್ಬರು ನನ್ನನ್ನು ನಿಲ್ಲಿಸಿ ಕೇಳಿದರು:

"ಏನಪ್ಪಾ, ರಾತ್ರಿ ನೀನು ಕಳಿಸಿದ್ದನ್ನ ಒತ್ತಬೇಕಂತೆ ನನ್ನ ಮೊಮ್ಮಗ ಹೇಳ್ತಾನೆ. ಅದನ್ನ ಬರೆದೋರು ಯಾರು?"

"ಗೊತ್ತಿಲ್ಲಮ್ಮ" ಎಂದೆ.

"ಗೊತ್ತಿಲ್ಲದ್ದನ್ನ ಊರಿಗೆಲ್ಲ ಹೆಂಗೆ ಹಂಚಿದೆ?"

ನನ್ನಲ್ಲಿ ಉತ್ತರವಿರಲಿಲ್ಲ. ಅಲ್ಲೇ ನಿಂತು ಪರೀಕ್ಷಿಸಿದೆ. ಅದು ಕಳ್ಳರ ಆ್ಯಪು. ಸಂದೇಶವನ್ನು ಅಳಿಸಿ, ಗುಂಪುಗಳಲ್ಲಿ ಎಚ್ಚರಿಕೆ ಬರೆದು, ಮನೆಮನೆಗೆ ಹೋಗಿ ಹೇಳಿದೆ. ಅಷ್ಟರಲ್ಲಿ ಒಬ್ಬರು ಅದನ್ನು ಫೋನಿಗೆ ಹಾಕಿಕೊಂಡಾಗಿತ್ತು. ಬಿತ್ತನೆ ಬೀಜಕ್ಕೆಂದು ಅವರು ಇಟ್ಟಿದ್ದ ಶೇಂಗಾ ಹಣ ಖಾತೆಯಿಂದ ಹೋಗಿತ್ತು. ನಾನು ಮನೆ ಬಾಗಿಲಿಗೆ ಹೋದಾಗಲೂ ನಾಚಿಕೆಯಿಂದ ಅವರು ಬಾಯಿ ಬಿಡಲಿಲ್ಲ. ಎರಡು ದಿನ ಕಳೆದ ಮೇಲೆ ಹೇಳಿದರು. ಅಷ್ಟು ಹೊತ್ತಿಗೆ ಹಣ ಕೈಗೆ ಸಿಗದಂತಾಗಿತ್ತು. ಗ್ರಾಮ ಸೇವಕ ಕಳಿಸಿದ್ದೆಂದೇ ಅವರು ಅದನ್ನು ನಂಬಿದ್ದರು. ಅಂದಿನಿಂದ ನಾನು ಮೂಲ ನೋಡದ ಯಾವ ಸಂದೇಶವನ್ನೂ ಮುಂದಕ್ಕೆ ಕಳಿಸುವುದಿಲ್ಲ. ನೀವೂ ಕಳಿಸಬೇಡಿ. ನಾನೇ ಕಳಿಸಿದರೂ ಆ ತಾಯಿಯಂತೆ ನನ್ನನ್ನು ನಿಲ್ಲಿಸಿ ಕೇಳಿ.

ಚೀಟಿಯಿಲ್ಲದ ಬೀಜ

ಆ ರೈತರ ಫೋನಿನಲ್ಲಿ ನಡೆದದ್ದೇನು? ಎಪಿಕೆ ಎಂಬ ಹೆಸರಿನಲ್ಲಿ ಕೊನೆಗೊಳ್ಳುವ ಕಡತವು ಒಂದು ಆ್ಯಪಿನ ಕಟ್ಟು. ಅದನ್ನು ಒತ್ತಿದಾಗ "ನಿಮ್ಮ ಸಂದೇಶಗಳನ್ನು ಓದಲು ಅನುಮತಿ ಕೊಡಿ" ಎಂದು ಕೇಳುತ್ತದೆ. ಜನ ಓದದೆ ಒಪ್ಪಿಗೆ ಕೊಡುತ್ತಾರೆ. ಅಲ್ಲಿಂದ ಮುಂದೆ ನಿಮಗೆ ಬರುವ ಒಟಿಪಿಯನ್ನು ಅದೇ ಓದಿ ಕಳ್ಳನಿಗೆ ಮುಟ್ಟಿಸುತ್ತದೆ. ಸಾಲದುದಕ್ಕೆ, ನಿಮ್ಮ ಫೋನಿನಲ್ಲಿರುವ ನೆಂಟರಿಷ್ಟರಿಗೆಲ್ಲ ನಿಮ್ಮ ಹೆಸರಿನಲ್ಲೇ ತನ್ನನ್ನು ಕಳಿಸಿಕೊಳ್ಳುತ್ತದೆ. ಪರಿಚಯದವರ ನಂಬರಿನಿಂದ ಬಂತು ಎಂಬ ಮಾತ್ರಕ್ಕೆ ನಂಬಬಾರದು ಎನ್ನುವುದು ಇದಕ್ಕಾಗಿ. ಪಿಎಂ ಕಿಸಾನ್ ಅಷ್ಟೇ ಅಲ್ಲ, ಮದುವೆಯ ಕರೆಯೋಲೆ, ವಾಹನದ ದಂಡ, ಬ್ಯಾಂಕಿನ ಕೆವೈಸಿ, ಹೀಗೆ ನಾನಾ ವೇಷಗಳಲ್ಲಿ ಇದು ಬರುತ್ತದೆ.

ಬಿತ್ತನೆ ಬೀಜ ಕೊಳ್ಳುವಾಗ ನೀವು ಏನು ಮಾಡುತ್ತೀರಿ? ಪ್ರಮಾಣಿತ ಬೀಜವಾದರೆ ಚೀಲಕ್ಕೆ ನೀಲಿ ಚೀಟಿ ಹೊಲಿದಿದೆಯೇ ಎಂದು ನೋಡುತ್ತೀರಿ. ಸಂತೆಯ ಮೂಲೆಯಲ್ಲಿ ಬಿಡಿಯಾಗಿ ಸುರಿದು ಮಾರುವ ಬೀಜವನ್ನು ನಂಬಿ ಹೊಲ ತುಂಬ ಬಿತ್ತುವುದಿಲ್ಲ. ಆ್ಯಪಿಗೂ ಇದೇ ನ್ಯಾಯ. ಪ್ಲೇ ಸ್ಟೋರಿನಿಂದ ಮಾತ್ರ ಇಳಿಸಿಕೊಳ್ಳಿ. ಅಲ್ಲಿಯೂ ತಯಾರಿಸಿದವರ ಹೆಸರನ್ನು ಓದಿ. ವಾಟ್ಸಾಪಿನಲ್ಲಿ ಬಂದ ಎಪಿಕೆ ಎಂದರೆ ಚೀಟಿಯಿಲ್ಲದ ಬೀಜ. ಅದನ್ನು ಮುಟ್ಟದಿರುವುದೇ ಕ್ಷೇಮ. ಪಂಚಾಂಗ ತೋರಿಸುವ ಆ್ಯಪು ನಿಮ್ಮ ಸಂದೇಶಗಳನ್ನು ಓದಲು ಅನುಮತಿ ಕೇಳಿದರೆ, "ಇದಕ್ಕೇಕೆ ಅದು?" ಎಂದು ಕೇಳಿಕೊಂಡು ಬೇಡವೆನ್ನಿರಿ.

ಸರ್ಕಾರದ ಜಾಲತಾಣಗಳ ವಿಳಾಸ ಸಾಮಾನ್ಯವಾಗಿ 'ಡಾಟ್ ಜಿಓವಿ ಡಾಟ್ ಇನ್' ಎಂದು ಕೊನೆಗೊಳ್ಳುತ್ತದೆ. ಬ್ಯಾಂಕುಗಳು ತಮ್ಮ ತಾಣಗಳನ್ನು 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂಬ ವಿಳಾಸಕ್ಕೆ ಬದಲಾಯಿಸಬೇಕೆಂದು ರಿಸರ್ವ್ ಬ್ಯಾಂಕು ಆಜ್ಞೆ ಮಾಡಿತ್ತು. ನೋಡಬೇಕಾದದ್ದು ವಿಳಾಸದ ತುದಿಯನ್ನು. ನಡುವೆ 'ಕಿಸಾನ್' ಎಂದೋ 'ಬ್ಯಾಂಕ್' ಎಂದೋ ಯಾರು ಬೇಕಾದರೂ ಸೇರಿಸಿಕೊಳ್ಳಬಹುದು.

ಕಂತಿನ ವಿಷಯದಲ್ಲಿ ಸಂಶಯ ಬಂದರೆ ಬಂದ ಸಂದೇಶವನ್ನು ಒತ್ತಬೇಡಿ. ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿ. ಪಹಣಿಯ ವಿಷಯವಾದರೆ ನಿಮ್ಮ ಗ್ರಾಮ ಆಡಳಿತ ಅಧಿಕಾರಿಯನ್ನು ಕೇಳಿ. ಖಾತೆಯ ವಿಷಯವಾದರೆ ಪಾಸ್‌ಪುಸ್ತಕ ಹಿಡಿದು ಬ್ಯಾಂಕಿಗೆ ಹೋಗಿ. ಅವರು ತೋರಿಸಿದ ದಾರಿಯಲ್ಲಿ ಹೋಗದೆ, ನಿಮಗೆ ಗೊತ್ತಿರುವ ದಾರಿಯಲ್ಲಿ ನೀವೇ ಮೂಲಕ್ಕೆ ಹೋಗುವುದು ಈ ಲೇಖನದ ಸಾರ. ಉಳಿದದ್ದನ್ನು ಮರೆತರೂ ಇದನ್ನು ಮರೆಯಬೇಡಿ.

ಹೆದರಿಸುವ ಕರೆಗಳು

ಇನ್ನೊಂದು ಬಗೆಯ ಕಳ್ಳರು ಪೊಲೀಸರ ವೇಷ ಹಾಕಿ ವಿಡಿಯೋ ಕರೆ ಮಾಡುತ್ತಾರೆ. "ನಿಮ್ಮ ಆಧಾರ್ ನಂಬರು ಅಪರಾಧದಲ್ಲಿ ಸಿಕ್ಕಿದೆ, ನಿಮ್ಮನ್ನು ಫೋನಿನಲ್ಲೇ ಬಂಧಿಸಿದ್ದೇವೆ, ಕದಲಬೇಡಿ, ಮನೆಯವರಿಗೂ ಹೇಳಬೇಡಿ, ತನಿಖೆಗಾಗಿ ಹಣವನ್ನು ಈ ಖಾತೆಗೆ ಹಾಕಿ" ಎನ್ನುತ್ತಾರೆ. 2024ರ ಅಕ್ಟೋಬರ್ 27ರಂದು ಪ್ರಧಾನಿಯವರು ತಮ್ಮ 'ಮನದ ಮಾತು' ಭಾಷಣದಲ್ಲಿ ಇಂಥ ಒಂದು ಕರೆಯನ್ನು ದೇಶಕ್ಕೆಲ್ಲ ಕೇಳಿಸಿದರು. ಅದು ನಮ್ಮ ವಿಜಯಪುರದವರೊಬ್ಬರಿಗೆ ಬಂದಿದ್ದ ಕರೆ. ಫೋನಿನಲ್ಲಿ ಬಂಧಿಸುವ ಯಾವ ಕಾನೂನೂ ನಮ್ಮ ದೇಶದಲ್ಲಿ ಇಲ್ಲವೆಂದು ಅವರು ಅಂದು ಸ್ಪಷ್ಟವಾಗಿ ಹೇಳಿದರು. ಇಂಥ ಕರೆ ಬಂದರೆ ಕತ್ತರಿಸಿಬಿಡಿ. "ಯಾರಿಗೂ ಹೇಳಬೇಡ" ಎಂದವನ ಮಾತನ್ನು ಮೊದಲು ಮನೆಯವರಿಗೆ ಹೇಳಿ. ಅವನು ಬೇಡವೆನ್ನುವುದು ನಿಮಗೆ ಬುದ್ಧಿ ಹೇಳುವವರು ಪಕ್ಕದಲ್ಲಿರಬಾರದೆಂದು.

ಇದೇ ಜಾತಿಗೆ ಸೇರಿದ್ದು ಸುಳ್ಳು ಸಹಾಯವಾಣಿ. ಫೋನಿನಲ್ಲಿ ಹುಡುಕಿ ಸಿಕ್ಕ ನಂಬರಿಗೆಲ್ಲ ಕರೆ ಮಾಡಬೇಡಿ. ಕಳ್ಳರು ತಮ್ಮ ನಂಬರುಗಳನ್ನು ಬ್ಯಾಂಕಿನದೆಂದು ಹಾಕಿರುತ್ತಾರೆ. ನಿಮ್ಮ ಪಾಸ್‌ಪುಸ್ತಕದ ಮೇಲೆ, ಎಟಿಎಂ ಕಾರ್ಡಿನ ಹಿಂಬದಿಯಲ್ಲಿ ಅಚ್ಚಾದ ನಂಬರೇ ಸರಿಯಾದದ್ದು. ಮಾತಿನ ನಡುವೆ "ಎನಿಡೆಸ್ಕ್‌ನಂಥ ಆ್ಯಪು ಹಾಕಿಕೊಳ್ಳಿ, ನಾವೇ ಸರಿಮಾಡುತ್ತೇವೆ" ಎಂದರೆ ಒಪ್ಪಬೇಡಿ. ಅದರಿಂದ ನಿಮ್ಮ ಫೋನಿನ ಪರದೆ ಅವರಿಗೆ ಕಾಣುತ್ತದೆ, ನೀವು ಒತ್ತುವ ಅಂಕಿಗಳೂ ಕಾಣುತ್ತವೆ.

ಹೆಬ್ಬೆಟ್ಟಿನ ಗುರುತು

ಊರಿನಲ್ಲೇ ಬ್ಯಾಂಕ್ ಮಿತ್ರರ ಬಳಿ ಆಧಾರ್ ನಂಬರು ಹೇಳಿ, ಹೆಬ್ಬೆಟ್ಟು ಒತ್ತಿ ಹಣ ಪಡೆಯುವ ಏರ್ಪಾಡಿದೆ. ವಯಸ್ಸಾದವರಿಗೆ ಇದು ದೊಡ್ಡ ಉಪಕಾರ. ಆದರೆ ಇಲ್ಲಿ ಪಿನ್ನೂ ಬೇಡ, ಒಟಿಪಿಯೂ ಬೇಡ. ಆಧಾರ್ ನಂಬರು, ಬ್ಯಾಂಕಿನ ಹೆಸರು, ಬೆರಳಚ್ಚು ಈ ಮೂರಿದ್ದರೆ ಸಾಕು. ಒಂದು ಸಲಕ್ಕೆ 10,000 ರೂಪಾಯಿವರೆಗೆ ಹಣ ಬರುತ್ತದೆ.

2023ರಲ್ಲಿ ಬೆಂಗಳೂರಿನಲ್ಲಿ ನಡೆದ ಮೋಸ ಇದಕ್ಕೆ ಸಂಬಂಧಿಸಿದ್ದು. ಆಸ್ತಿ ನೋಂದಣಿಯ ಪತ್ರಗಳಲ್ಲಿ ಆಧಾರ್ ನಂಬರೂ ಬೆರಳಚ್ಚೂ ಇರುತ್ತವೆಯಷ್ಟೆ. ಅಂಥ ಪತ್ರಗಳ ಪ್ರತಿಗಳನ್ನು ಜಾಲತಾಣದಿಂದ ಪಡೆದ ಕಳ್ಳರು, ಅದರಲ್ಲಿನ ಬೆರಳಚ್ಚಿನ ನಕಲು ಅಚ್ಚು ತಯಾರಿಸಿ ಜನರ ಖಾತೆಗಳಿಂದ ಹಣ ತೆಗೆದರು. ಹಣ ಕಳೆದುಕೊಂಡವರು ಯಾವ ಗುಂಡಿಯನ್ನೂ ಒತ್ತಿರಲಿಲ್ಲ, ಯಾರಿಗೂ ಗುಟ್ಟು ಹೇಳಿರಲಿಲ್ಲ. ಜಮೀನು ಇರುವ ಪ್ರತಿಯೊಬ್ಬ ರೈತನೂ ಯೋಚಿಸತಕ್ಕ ವಿಷಯವಿದು.

ಇದಕ್ಕೆ ಪರಿಹಾರವುಂಟು. ಆಧಾರ್ ಪ್ರಾಧಿಕಾರದ ಆ್ಯಪಿನಲ್ಲಾಗಲಿ ಜಾಲತಾಣದಲ್ಲಾಗಲಿ ನಿಮ್ಮ ಬೆರಳಚ್ಚಿಗೆ ಬೀಗ ಹಾಕಬಹುದು. ಇದಕ್ಕೆ ನಿಮ್ಮ ಮೊಬೈಲ್ ನಂಬರು ಆಧಾರಿಗೆ ಸೇರಿರಬೇಕು. ಬೀಗ ಹಾಕಿದ ಮೇಲೆ ನಕಲಿ ಅಚ್ಚು ಮಾತ್ರವಲ್ಲ, ನಿಮ್ಮ ನಿಜವಾದ ಹೆಬ್ಬೆಟ್ಟೂ ನಡೆಯುವುದಿಲ್ಲ. ನ್ಯಾಯಬೆಲೆ ಅಂಗಡಿಗೆ ಅಥವಾ ಬ್ಯಾಂಕ್ ಮಿತ್ರರ ಬಳಿಗೆ ಹೋಗುವಾಗ ಸ್ವಲ್ಪ ಹೊತ್ತಿಗೆ ಬೀಗ ತೆಗೆದುಕೊಳ್ಳಬೇಕಾಗುತ್ತದೆ. ಇದನ್ನು ಮನೆಯ ಓದಿದ ಮಕ್ಕಳು ಮಾಡಿಕೊಡಬಲ್ಲರು. ಆಧಾರ್ ಸಂಬಂಧದ ಸಂಶಯಗಳಿಗೆ 1947 ನಂಬರಿಗೆ ಕರೆ ಮಾಡಿ. ಇದು ನಮಗೆ ಸ್ವಾತಂತ್ರ್ಯ ಬಂದ ವರ್ಷವಾದ್ದರಿಂದ ನೆನಪಿಡುವುದು ಸುಲಭ.

ಹೆಬ್ಬೆಟ್ಟು ಒತ್ತುವ ಮುನ್ನ ಯಂತ್ರದ ಮೇಲೆ ಎಷ್ಟು ಹಣವೆಂದು ತೋರಿಸಿದೆಯೋ ನೋಡಿ, ಓದು ಬಾರದಿದ್ದರೆ ಓದಿಸಿಕೊಳ್ಳಿ. "ಹತ್ತಲಿಲ್ಲ, ಇನ್ನೊಮ್ಮೆ ಒತ್ತಿ" ಎಂದರೆ, ಮೊದಲ ಸಲದ ಸಂದೇಶ ಬಂದಿದೆಯೇ ಎಂದು ನೋಡಿಕೊಂಡು ಒತ್ತಿ. ರಸೀದಿ ಕೇಳಿ ಪಡೆಯಿರಿ. ಆಧಾರ್ ಪ್ರತಿ ಕೊಡಬೇಕಾದ ಕಡೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನು ಒಪ್ಪುವುದಾದರೆ ಅದನ್ನೇ ಕೊಡಿ.

ಮನೆಯ ಕಂಪ್ಯೂಟರು

ಓದುವ ಮಕ್ಕಳಿರುವ ಮನೆಗಳಲ್ಲಿ ಈಗ ಕಂಪ್ಯೂಟರೂ ಬಂದಿದೆ. ಅದಕ್ಕೂ ಫೋನಿಗೂ ಅನ್ವಯಿಸುವ ಕೆಲವು ಸಾಮಾನ್ಯ ಕ್ರಮಗಳಿವೆ.

1. ಬೀಗ: ಫೋನಿಗೂ ಕಂಪ್ಯೂಟರಿಗೂ ತೆರೆಯುವ ಗುಟ್ಟುಪದ ಇರಲಿ. ಹುಟ್ಟಿದ ವರ್ಷ, ಮಗನ ಹೆಸರು, 1234 ಇವೆಲ್ಲ ಗುಟ್ಟಲ್ಲ. ನಿಮಗೆ ಮಾತ್ರ ಹೊಳೆಯುವ ನಾಲ್ಕೈದು ಬೇರೆ ಬೇರೆ ಮಾತುಗಳನ್ನು ಸೇರಿಸಿದರೆ ಉದ್ದವೂ ಆಗುತ್ತದೆ, ನೆನಪೂ ಇರುತ್ತದೆ. ಎಲ್ಲ ಬಾಗಿಲಿಗೂ ಒಂದೇ ಬೀಗದ ಕೈ ಬೇಡ. ಒಂದು ಕಳೆದರೆ ಎಲ್ಲವೂ ತೆರೆದಂತೆ. ಇಮೇಲಿಗೂ ವಾಟ್ಸಾಪಿಗೂ ಎರಡು ಹಂತದ ಪರಿಶೀಲನೆ ಎಂಬ ಏರ್ಪಾಡಿದೆ, ಅದನ್ನು ಹಾಕಿಕೊಳ್ಳಿ.

2. ಲಸಿಕೆ: ಮಳೆಗಾಲಕ್ಕೆ ಮುಂಚೆ ಕುರಿಗಳಿಗೆ ಕರುಳು ಬೇನೆಯ ಲಸಿಕೆ ಹಾಕಿಸುತ್ತೀರಿ. ರೋಗ ಬಂದ ಮೇಲೆ ಹಾಕಿಸಿ ಫಲವಿಲ್ಲ. ಫೋನು, ಕಂಪ್ಯೂಟರುಗಳಲ್ಲಿ "ಅಪ್‌ಡೇಟ್ ಮಾಡಿ" ಎಂದು ಆಗಾಗ ಬರುವುದು ಇಂಥ ಲಸಿಕೆಯೇ. ಕಳ್ಳರು ಕಂಡುಹಿಡಿದ ಕಿಂಡಿಗಳನ್ನು ತಯಾರಕರು ಅದರಿಂದ ಮುಚ್ಚುತ್ತಾರೆ. ಆದರೆ ಅದನ್ನು ಯಂತ್ರದ ಸೆಟ್ಟಿಂಗ್ಸ್ ಮೂಲಕವೇ ಮಾಡತಕ್ಕದ್ದು; ಜಾಲತಾಣದ ನಡುವೆ ಮಿನುಗುವ ಜಾಹೀರಾತಿನಿಂದಲ್ಲ. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಅದರ ಕಂಪನಿ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಅಂಥ ಹಳೆಯ ಯಂತ್ರ ಮನೆಯಲ್ಲಿದ್ದು ಹೊಸತಕ್ಕೆ ಏರಿಸದಿದ್ದರೆ, ಅದರಲ್ಲಿ ಬ್ಯಾಂಕಿನ ವ್ಯವಹಾರ ಇಟ್ಟುಕೊಳ್ಳಬೇಡಿ.

3. ಪರಿಶೀಲನೆ: ವಿಂಡೋಸಿನಲ್ಲಿ ವೈರಸ್ ತಡೆಯುವ ಕಾವಲು ಅದರ ಜೊತೆಗೇ ಬಂದಿರುತ್ತದೆ, ಅದನ್ನು ನಿಲ್ಲಿಸಬೇಡಿ. ಕಂಡವರ ಪೆನ್‌ಡ್ರೈವನ್ನು ಪರೀಕ್ಷಿಸದೆ ಚುಚ್ಚಬೇಡಿ. ದುಡ್ಡು ಉಳಿಯಿತೆಂದು ಕಳ್ಳ ನಕಲಿನ ತಂತ್ರಾಂಶ ಹಾಕಿಸಬೇಡಿ.

4. ಎರಡನೆಯ ಪ್ರತಿ: ಬೀಜವನ್ನು ಯಾರೂ ಒಂದೇ ಮಡಕೆಯಲ್ಲಿ ಇಡುವುದಿಲ್ಲ. ಪಹಣಿ, ವಿಮೆಯ ರಸೀದಿ, ಮಕ್ಕಳ ಅಂಕಪಟ್ಟಿ, ಮನೆಯ ಫೋಟೋಗಳು, ಇವುಗಳ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ ಟ್ರಂಕಿನಲ್ಲಿಡಿ. ಯಂತ್ರ ಕೆಟ್ಟರೂ ಕಳುವಾದರೂ ಅವು ಉಳಿಯುತ್ತವೆ.

5. ಹೊರಗಿನ ಕಂಪ್ಯೂಟರು: ಸೇವಾ ಕೇಂದ್ರದಲ್ಲೋ ಝೆರಾಕ್ಸ್ ಅಂಗಡಿಯಲ್ಲೋ ಕೆಲಸ ಮಾಡಿಸಿದರೆ, ಏಳುವ ಮುನ್ನ ಲಾಗೌಟ್ ಮಾಡಿಸಿ. ಅಲ್ಲಿ ಇಳಿಸಿದ ಆಧಾರ್ ಮತ್ತು ಪಾಸ್‌ಪುಸ್ತಕದ ಪ್ರತಿಗಳನ್ನು ಎದುರಿನಲ್ಲೇ ಅಳಿಸಿ. ಕೇಳಲು ಸಂಕೋಚ ಬೇಡ.

ಹಣ ಹೋದರೆ ಏನು ಮಾಡಬೇಕು?

ಮೊದಲು 1930 ನಂಬರಿಗೆ ಕರೆ ಮಾಡಿ. ಇದು ಸೈಬರ್ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹರಿಯುತ್ತದೆ. ಕಳ್ಳನು ಅದನ್ನು ಹೊರತೆಗೆಯುವ ಮುನ್ನ ತಿಳಿಸಿದರೆ ನಡುವೆಯೇ ತಡೆಹಿಡಿಯುವ ಅವಕಾಶವುಂಟು. ತೂಬು ಒಡೆದ ಕೆರೆಯ ನೀರಿನಂತೆ, ಮೊದಲ ಗಳಿಗೆಯಲ್ಲಿ ಅಡ್ಡ ಹಾಕಿದರೆ ಉಳಿಯುತ್ತದೆ, ನಾಳೆ ಹಾಕಿದರೆ ಇಲ್ಲ. ನಿಮ್ಮ ಖಾತೆಯ ನಂಬರು, ಹೋದ ಹಣ, ದಿನ, ಹೊತ್ತು, ಬ್ಯಾಂಕಿನ ಸಂದೇಶದಲ್ಲಿರುವ ವ್ಯವಹಾರದ ಸಂಖ್ಯೆ ಕೈಯಲ್ಲಿರಲಿ. ಸಂದೇಶಗಳನ್ನು ಅಳಿಸಬೇಡಿ, ಅವೇ ಸಾಕ್ಷಿ.

ಎರಡನೆಯದಾಗಿ ಬ್ಯಾಂಕಿಗೆ ತಿಳಿಸಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ಹಾಕಿಕೊಟ್ಟ ನಿಯಮ ಹೀಗಿದೆ: ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹೊರಗಿನವರಿಂದ ಹಣ ಹೋಗಿದ್ದು, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ನೀವು ತಿಳಿಸಿದರೆ ಆ ನಷ್ಟ ನಿಮ್ಮ ಮೇಲೆ ಬೀಳುವುದಿಲ್ಲ. ಒಟಿಪಿಯನ್ನೋ ಪಿನ್ನನ್ನೋ ನೀವೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟ ನಿಮ್ಮದು, ತಿಳಿಸಿದ ಮೇಲೆ ಆದದ್ದು ಬ್ಯಾಂಕಿನದು. ಎರಡು ರೀತಿಯಲ್ಲೂ ತಡ ಮಾಡಿದಷ್ಟು ನಷ್ಟ ನಮಗೇ.

ಮೂರನೆಯದಾಗಿ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಚಿತ್ರದುರ್ಗದಲ್ಲಿರುವ ಸಿಇಎನ್ ಠಾಣೆಗೆ ದೂರು ಕೊಡಿ. ಸೈಬರ್ ಅಪರಾಧಗಳಿಗಾಗಿ ಇರುವ ಠಾಣೆ ಅದು.

ಕಳ್ಳ ಆ್ಯಪು ಫೋನಿಗೆ ಹೊಕ್ಕಿದ್ದರೆ ಕೂಡಲೇ ಇಂಟರ್ನೆಟ್ ನಿಲ್ಲಿಸಿ, ಆ್ಯಪನ್ನು ತೆಗೆದುಹಾಕಿ. ಬ್ಯಾಂಕಿಗೂ 1930ಕ್ಕೂ ಬೇರೆಯವರ ಫೋನಿನಿಂದ ಕರೆ ಮಾಡಿ. ಆಮೇಲೆ ಬಲ್ಲವರಿಂದ ಫೋನನ್ನು ಪೂರ್ತಿ ಅಳಿಸಿ ಹೊಸದಾಗಿ ಹೊಂದಿಸಿಕೊಳ್ಳಿ. ಫೋನೇ ಕಳೆದುಹೋದರೆ ಸಿಮ್ ನಿಲ್ಲಿಸಿ, ಪೊಲೀಸರಿಗೆ ತಿಳಿಸಿ, ಸಂಚಾರ್ ಸಾಥಿ ತಾಣದಲ್ಲಿ ಆ ಫೋನನ್ನೇ ನಡೆಯದಂತೆ ಮಾಡಬಹುದು. ಇದಕ್ಕೆ ಫೋನಿನ ಐಎಂಇಐ ಸಂಖ್ಯೆ ಬೇಕು. ಸ್ಟಾರ್, ಹ್ಯಾಶ್, 06, ಹ್ಯಾಶ್ ಒತ್ತಿದರೆ ಅದು ಕಾಣುತ್ತದೆ; ಇಂದೇ ಬರೆದಿಡಿ.

ನಮ್ಮ ಊರಿನ ಹುಡುಗರಿಗೂ ಒಂದು ಮಾತು. "ನಿನ್ನ ಖಾತೆ, ಎಟಿಎಂ ಕಾರ್ಡು, ಸಿಮ್ಮು ಬಾಡಿಗೆಗೆ ಕೊಡು, ಕುಳಿತಲ್ಲೇ ದುಡ್ಡು" ಎಂದು ಬರುವವರಿದ್ದಾರೆ. ಬೇರೆ ಊರಿನ ರೈತನಿಂದ ಕದ್ದ ಹಣ ಹರಿದುಬರುವುದು ಇಂಥ ಖಾತೆಗಳಿಗೇ. ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ಖಾತೆಯ ಹೆಸರಿನವನನ್ನು. ನಾಲ್ಕು ಕಾಸಿನ ಆಸೆಗೆ ಮನೆಯ ಮಾನ ಅಡವಿಡಬೇಡಿ.

ಈ ವಾರದ ಕೆಲಸ

ಓದಿ ಬಿಟ್ಟರೆ ಸಾಲದು. ಈ ವಾರ ಒಂದು ಸಂಜೆ ಮನೆಯವರೆಲ್ಲ ಕುಳಿತು ಇಷ್ಟನ್ನು ಮಾಡಿ. 1930, 1947 ಮತ್ತು ನಿಮ್ಮ ಬ್ಯಾಂಕಿನ ನಂಬರನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ. ಎಲ್ಲರ ಫೋನುಗಳಿಗೆ ಬೀಗ ಹಾಕಿ, ಅಪ್‌ಡೇಟ್ ಮುಗಿಸಿ. ಗೊತ್ತಿಲ್ಲದ ಆ್ಯಪುಗಳನ್ನು ತೆಗೆಯಿರಿ. ಹಿರಿಯರ ಬೆರಳಚ್ಚಿಗೆ ಬೀಗ ಹಾಕುವ ಬಗ್ಗೆ ತೀರ್ಮಾನಿಸಿ. ಬ್ಯಾಂಕಿನ ಸಂದೇಶ ಬರುವ ನಂಬರು ಈಗಲೂ ಮನೆಯಲ್ಲೇ ಇದೆಯೇ, ಹಳೆಯ ಸಿಮ್ಮಿನೊಡನೆ ಹೋಯಿತೇ, ನೋಡಿಕೊಳ್ಳಿ.

ಕೊನೆಯದಾಗಿ, ಮೋಸಹೋದವರನ್ನು ಯಾರೂ ಹಂಗಿಸಬೇಡಿ. ಓದಿದವರೂ ಅಧಿಕಾರಿಗಳೂ ಮೋಸಹೋಗಿದ್ದಾರೆ. ಹಂಗಿಸುವ ಊರಿನಲ್ಲಿ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ, ಆ ಮೌನದಲ್ಲಿ ಹಣ ದಾಟಿಹೋಗುತ್ತದೆ. ಆ ರೈತರು ಎರಡು ದಿನ ಸುಮ್ಮನಿದ್ದುದನ್ನು ನೆನೆದಾಗಲೆಲ್ಲ ನನಗೆ ಹೀಗೆ ಅನಿಸುತ್ತದೆ: ಅಂದು ಯಾರಾದರೂ "ಬಾರಪ್ಪ, ಏನಾಯ್ತು ಹೇಳು" ಎಂದು ಪಕ್ಕದಲ್ಲಿ ಕುಳಿತಿದ್ದರೆ ಬೀಜದ ಹಣದಲ್ಲಿ ಸ್ವಲ್ಪವಾದರೂ ಉಳಿಯುತ್ತಿತ್ತೇನೋ. ಹಗೇವಿನ ಬಾಯಿಯನ್ನು ಮುಚ್ಚಿಡೋಣ. ಕಳುವಾದಾಗ ಮಾತ್ರ ನಮ್ಮ ಬಾಯಿ ತೆರೆಯೋಣ.